ಕೆರೆಯ ಕೋಡಿ ಮತ್ತು ಫ್ಯೂಸು ತಂತಿ: ಕನ್ನಡದಲ್ಲಿ ತಾಂತ್ರಿಕ ಪದಗಳ ಅರ್ಥವಿವರಣೆ

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಹೊರನಾಡಿನ ಯಂತ್ರಗಳೊಡನೆ ಅವುಗಳ ಹೆಸರುಗಳೂ ಬಂದವು. ಜನಸಾಮಾನ್ಯರು ಅವನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಕರೆಂಟು, ಸ್ವಿಚ್ಚು, ಫ್ಯೂಸು ಎಂದರು. ವಿದ್ವಾಂಸರು ಸಂಸ್ಕೃತದ ನೆರವಿನಿಂದ ವಿದ್ಯುತ್ಪ್ರವಾಹ, ರೋಧ, ವಿಭವಾಂತರ ಮುಂತಾದ ಪದಗಳನ್ನು ಟಂಕಿಸಿದರು. ಹೆಸರಿಡುವ ಕಾರ್ಯ ಹೀಗೆ ಎರಡು ನೆಲೆಗಳಲ್ಲಿ ಸಾಗಿತಾದರೂ ಅರ್ಥವನ್ನು ಬಿಡಿಸಿ ಹೇಳುವ ಕಾರ್ಯ ಹಿಂದೆ ಬಿದ್ದಿತು.

ಈ ಕೊರತೆಯನ್ನು ಮನಗಂಡವರಲ್ಲಿ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ಮೊದಲಿಗರು. ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಅವರು 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆ ಅಲ್ಪಾಯುವಾದರೂ, ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೇ ಎಂಬ ಶಂಕೆಗೆ ಉತ್ತರವಾಯಿತು. ಅನಂತರ ಶಿವರಾಮ ಕಾರಂತರ ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳು, 1978ರಿಂದ ‘ಬಾಲವಿಜ್ಞಾನ’ ಪತ್ರಿಕೆ ಈ ದಾರಿಯನ್ನು ಅಗಲಗೊಳಿಸಿದವು.

ವಾಸ್ತವವಾಗಿ ಈ ನಾಡಿಗೆ ತಾಂತ್ರಿಕ ಪರಿಭಾಷೆ ಹೊಸದಲ್ಲ. ಏರಿ, ತೂಬು, ಕೋಡಿ, ಕಾಲುವೆ ಎಂಬ ಮಾತುಗಳನ್ನು ಯಾವ ರೈತನಿಗೂ ವಿವರಿಸಬೇಕಿರಲಿಲ್ಲ. ಬುಕ್ಕರಾಯನ ಮಗ ಭಾಸ್ಕರನು ಇಂದಿನ ಆಂಧ್ರದ ಪೋರುಮಾಮಿಳ್ಳದಲ್ಲಿ 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ಉತ್ತಮ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಹೇಳುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ಆ ದೋಷಗಳಲ್ಲೊಂದು. ಶಾಸನಕಾರನ ಲೋಕಾನುಭವ ಮೆಚ್ಚತಕ್ಕದ್ದು.

ಕೆರೆಯ ಈ ಭಾಷೆ ವಿದ್ಯುತ್ತನ್ನು ವಿವರಿಸಲೂ ಒದಗುತ್ತದೆ. ಕೆರೆಯಲ್ಲಿ ನೀರಿನ ಮಟ್ಟ ಏರಿದಷ್ಟೂ ತೂಬಿನಿಂದ ನೀರು ರಭಸವಾಗಿ ಹೊರಡುತ್ತದೆ. ವಿಭವಾಂತರವೆಂದರೆ ಆ ಎತ್ತರದಂಥದು, ವೋಲ್ಟು ಅದರ ಅಳತೆ. ಕಾಲುವೆಯಲ್ಲಿ ಹರಿಯುವ ನೀರಿನ ಪ್ರಮಾಣಕ್ಕೆ ಸಮನಾದದ್ದು ಪ್ರವಾಹ. ಅದರ ಅಳತೆ ಆಂಪಿಯರ್. ಕಾಲುವೆ ಕಿರಿದಾದಂತೆ ಹರಿವು ತಗ್ಗುವುದು ರೋಧದ ಗುಣ. ಈ ಹೋಲಿಕೆಗೆ ಮಿತಿಯೂ ಉಂಟು: ಕಾಲುವೆ ಒಡೆದರೆ ನೀರು ಹೊರಚೆಲ್ಲುತ್ತದೆ, ತಂತಿ ತುಂಡಾದರೆ ಪ್ರವಾಹ ನಿಲ್ಲುತ್ತದೆ. ಹಾಗೆಂದು ತುಂಡಾಗಿ ಬಿದ್ದ ತಂತಿ ನಿರಪಾಯಕರವಲ್ಲ. ಮುಟ್ಟಿದವನ ದೇಹದ ಮೂಲಕ ಪ್ರವಾಹ ನೆಲಕ್ಕೆ ದಾರಿ ಕಂಡುಕೊಳ್ಳುತ್ತದೆ. ಹೋಲಿಕೆ ಕೊಡುವವನು ಇದನ್ನು ಹೇಳದೆ ಬಿಟ್ಟರೆ ವಿವರಣೆಯೇ ಅಪಾಯಕ್ಕೆ ಕಾರಣವಾಗುತ್ತದೆ.

ಫ್ಯೂಸು ಇದಕ್ಕೆ ತಕ್ಕ ನಿದರ್ಶನ. ಪದ ಮನೆಮಾತಾಯಿತು, ಅರ್ಥ ಆಗಲಿಲ್ಲ. ಮಿತಿಮೀರಿದ ಪ್ರವಾಹ ಹರಿದಾಗ ಬಿಸಿಯೇರಿ ಕರಗುವಂತೆ ಆ ತಂತಿಯನ್ನು ಬೇಕೆಂದೇ ತೆಳ್ಳಗೆ ಮಾಡಿರುತ್ತಾರೆ. ಅದು ಪದೇ ಪದೇ ‘ಹೋಗುತ್ತದೆ’ ಎಂದು ಬೇಸತ್ತು ದಪ್ಪ ತಂತಿ ಸುತ್ತಿದವರು ಊರೂರಲ್ಲೂ ಇದ್ದರು. 5 ಆಂಪಿಯರಿಗೆ ಕರಗಬೇಕಾದದ್ದು ಕರಗದೆ ಉಳಿದಾಗ ಗೋಡೆಯೊಳಗಿನ ತಂತಿಯೇ ಕಾದು ಬೆಂಕಿ ಹೊತ್ತುತ್ತದೆ. ಇದೇ ಜನ ಕೆರೆಯ ಕೋಡಿಗೆ ಕಲ್ಲು ಪೇರಿಸುವವನನ್ನು ತಡೆಯುತ್ತಿದ್ದರು. ಕೋಡಿ ಕಟ್ಟಿದರೆ ಏರಿ ಒಡೆಯುವುದೆಂದು ಅವರು ಬಲ್ಲರು. ಕೋಡಿ ಹೆಚ್ಚಿನ ನೀರನ್ನು ಹೊರಬಿಡುತ್ತದೆ, ಫ್ಯೂಸು ದಾರಿಯನ್ನೇ ಕಡಿಯುತ್ತದೆ. ಆದರೆ ಒಂದು ಏರಿಯನ್ನೂ ಇನ್ನೊಂದು ಮನೆಯನ್ನೂ ಕಾಯುತ್ತದೆ. ಪಾರಿಭಾಷಿಕ ಕೋಶಗಳು ಪದಕ್ಕೆ ಪದ ಕೊಟ್ಟು ಮುಂದೆ ಸಾಗಿದವು. ಫ್ಯೂಸಿನ ಪಕ್ಕದಲ್ಲಿ ಕೋಡಿಯನ್ನಿಟ್ಟು ತೋರಿಸುವುದು ಅವುಗಳ ಕೆಲಸವಾಗಿರಲಿಲ್ಲ.