ಒಕ್ಕಲುಸಮಾಜದಲ್ಲಿ ಪ್ರಕಟಣೆಯ ಪದ್ಧತಿ

೧

ವೃತ್ತಪತ್ರಿಕೆಗಳ ಒಳಪುಟಗಳಲ್ಲಿ ಸಣ್ಣ ಅಕ್ಷರಗಳಿಂದ ಅಚ್ಚಾಗುವ ಜಾಹೀರುಗಳನ್ನು ಪಂಡಿತರು ಸಾಮಾನ್ಯವಾಗಿ ಓದುವುದಿಲ್ಲ. ಇಂಥ ಸರ್ವೆ ನಂಬರಿನ ಹೊಲವನ್ನು ಕೊಳ್ಳಲು ಕರಾರಾಗಿದೆ, ಆಕ್ಷೇಪಣೆಯುಳ್ಳವರು ಇಷ್ಟು ದಿನಗಳೊಳಗೆ ತಿಳಿಸತಕ್ಕದ್ದು. ಇಂಥವರು ಕಾಣೆಯಾಗಿದ್ದಾರೆ, ಕಂಡವರು ತಿಳಿಸಬೇಕು. ಇಂಥವರು ದೈವಾಧೀನರಾದರು, ಬಂಧುಗಳು ಇದನ್ನೇ ಖುದ್ದು ಕರೆಯೆಂದು ತಿಳಿಯಬೇಕು. ಹೀಗಿರುವ ಈ ವಾಕ್ಯಗಳಲ್ಲಿ ಸಾಹಿತ್ಯವೇನಿದೆ, ಚರಿತ್ರೆಯೇನಿದೆ ಎಂದು ಕೇಳುವವರೇ ಹೆಚ್ಚು. ಆದರೆ ನಮ್ಮ ನಾಡಿನ ಶಿಲಾಶಾಸನಗಳನ್ನು ಅಷ್ಟೊಂದು ಶ್ರಮದಿಂದ ಸಂಗ್ರಹಿಸಿ ಓದುವ ನಾವು, ಆ ಶಾಸನಗಳ ಬಹುಭಾಗವೂ ಇದೇ ಜಾತಿಗೆ ಸೇರಿದ ಬರವಣಿಗೆಯೆಂಬುದನ್ನು ಮರೆಯಬಾರದು. ಭೂಮಿ ಕೈಬದಲಾಯಿತು, ದನ ಹೋಯಿತು, ಮನುಷ್ಯನು ಸತ್ತನು ಎಂಬ ಮೂರು ಸಂಗತಿಗಳನ್ನು ಊರಿಗೆ ಗೊತ್ತುಮಾಡುವುದೇ ಒಕ್ಕಲು ಮಕ್ಕಳ ಸಮಾಜದಲ್ಲಿ ಪ್ರಕಟಣೆಯ ಮುಖ್ಯ ಕಾರ್ಯವಾಗಿತ್ತು. ಶಾಸ್ತ್ರ, ಶಿಲೆ, ಡಂಗುರ, ಅಚ್ಚು ಎಂಬ ನಾಲ್ಕು ಕಡೆಗಳಲ್ಲಿ ಇದು ತಾಳಿದ ರೂಪಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ‘ಜಾಹೀರು’ ಎಂಬುದು ‘ತೋರುವುದು, ಸ್ಪಷ್ಟವಾದುದು’ ಎಂಬರ್ಥದ ಅರಬ್ಬಿ ಶಬ್ದ. ಪಾರಸಿಯ ದ್ವಾರದಿಂದ ದೇಶಭಾಷೆಗಳಿಗೆ ಬಂದುದು. ‘ಜಾಹೀರಾತು’ ಮರಾಠಿಯ ಮೂಲಕ ನಮ್ಮಲ್ಲಿ ನೆಲೆಸಿತು. ‘ಹರಾಜು’ ಅರಬ್ಬಿಯದು, ಅದೇ ಅರ್ಥದ ‘ಲಿಲಾವು’ ಪೋರ್ಚುಗೀಸರದು. ‘ನೋಟೀಸು’ ಇಂಗ್ಲಿಷಿನದು. ಪ್ರಭುಗಳು ಬದಲಾದಂತೆ ಪ್ರಕಟಣೆಯ ಹೆಸರೂ ಬದಲಾಯಿತೆಂಬುದು ಇದರಿಂದ ತಿಳಿಯುವುದು. ಆದರೆ ಕ್ರಿಯಾಪದ ಮಾತ್ರ ಅಚ್ಚಗನ್ನಡವಾಗಿಯೇ ಉಳಿದಿದೆ. ಅದು ‘ಸಾರು’, ಹಳಗನ್ನಡದಲ್ಲಿ ಶಕಟರೇಫವುಳ್ಳ ‘ಸಾಱು’. ಬರೆಯುವುದಕ್ಕೆ ಮುಂಚೆ ಕೂಗಿ ಹೇಳುವ ಪದ್ಧತಿಯಿತ್ತೆಂಬುದಕ್ಕೆ ಈ ಪದವೇ ಸಾಕ್ಷಿ.

೨

ಧರ್ಮಶಾಸ್ತ್ರದಲ್ಲಿ ಈ ವಿಷಯವು ಬಹು ಸೂಕ್ಷ್ಮವಾಗಿ ವಿಚಾರಿತವಾಗಿದೆ. ಭೂಮಿಯು ಆರು ಸಂಗತಿಗಳಿಂದ ಕೈಬದಲಾಗುವುದೆಂದು ಹೇಳುವ ಒಂದು ಸ್ಮೃತಿವಚನವನ್ನು ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಎತ್ತಿಕೊಳ್ಳುತ್ತಾನೆ. ತನ್ನ ಊರು, ಜ್ಞಾತಿಗಳು, ಸಾಮಂತರು ಅಂದರೆ ನೆರೆಹೊಲದವರು, ದಾಯಾದರು ಇವರ ಅನುಮತಿ ನಾಲ್ಕು. ಹಿರಣ್ಯ, ಉದಕ ಇವುಗಳ ದಾನ ಎರಡು. ಈ ಗ್ರಂಥವು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಲ್ಯಾಣದಲ್ಲಿ, ಕನ್ನಡದ ಒಕ್ಕಲು ನಾಡಿನ ನಡುವೆ, ರಚಿತವಾದುದೆಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಊರವರು ಒಪ್ಪದಿದ್ದರೆ ಕ್ರಯವು ಅಸಿದ್ಧವೇ? ಅಲ್ಲವೆಂದು ವಿಜ್ಞಾನೇಶ್ವರನ ಸಿದ್ಧಾಂತ. ಸ್ಥಾವರದ ಸ್ವೀಕಾರವು ವಿಶೇಷವಾಗಿ ಪ್ರಕಾಶವಾಗಿರಬೇಕೆಂದು ಯಾಜ್ಞವಲ್ಕ್ಯನು ವಿಧಿಸಿರುವುದರಿಂದ, ಗ್ರಾಮಾನುಮತಿಯು ವ್ಯವಹಾರವನ್ನು ಬೆಳಕಿಗೆ ತರುವುದಕ್ಕಾಗಿಯೇ ಅಪೇಕ್ಷಿತವೇ ಹೊರತು, ಅದಿಲ್ಲದೆ ವ್ಯವಹಾರವೇ ಸಿದ್ಧಿಸದೆಂದಲ್ಲ. ನೆರೆಹೊಲದವರ ಅನುಮತಿಯು ಎಲ್ಲೆಯ ವಿವಾದವನ್ನು ಹೋಗಲಾಡಿಸುವುದಕ್ಕೆ. ಜ್ಞಾತಿಗಳದು, ಇವರು ಪಾಲಾದವರೋ ಅಲ್ಲವೋ ಎಂಬ ಸಂಶಯವನ್ನು ಕಳೆಯುವುದಕ್ಕೆ. ಹೀಗೆ ಒಂದೊಂದು ಅನುಮತಿಗೂ ಒಂದೊಂದು ದೃಷ್ಟಪ್ರಯೋಜನವನ್ನು ಆತನು ಹೇಳುತ್ತಾನೆ. ಹಕ್ಕನ್ನು ಹುಟ್ಟಿಸುವುದು ಬೇರೆ, ಹಕ್ಕು ಹುಟ್ಟಿತೆಂದು ತಿಳಿಸುವುದು ಬೇರೆ ಎಂಬ ಈ ವಿವೇಕವು ಮುಂದಿನ ವಿಚಾರಕ್ಕೆಲ್ಲ ಬೀಜವಾಗಿರುವುದು.

ಚರಸ್ವತ್ತಿನ ವಿಷಯದಲ್ಲಿಯೂ ಪ್ರಕಾಶತೆಯೇ ಪ್ರಮಾಣ. ಒಡೆಯನಲ್ಲದವನು ಮಾರಿದ ವಸ್ತುವನ್ನು ಗುಟ್ಟಾಗಿ ಕೊಂಡವನಿಗೆ ದೋಷವುಂಟು. ಏಕಾಂತದಲ್ಲಿ, ತೀರ ಅಗ್ಗವಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನು ಕಳ್ಳನಿಗೆ ಸಮಾನನೆಂದು ಯಾಜ್ಞವಲ್ಕ್ಯನ ಮತ. ನಮ್ಮ ದನದ ಜಾತ್ರೆಗಳ ದಲ್ಲಾಳಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ವಾಡಿಕೆಯು ಇದಕ್ಕೆ ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ಅಲ್ಲಿ ಮರೆಯಾಗುವುದು ಬೆಲೆ ಮಾತ್ರ. ಎತ್ತು, ಮಾರುವವನು, ಕೊಳ್ಳುವವನು, ಈ ಮೂವರೂ ಸಾವಿರಾರು ಜನರ ಕಣ್ಣೆದುರಿಗೇ ಇರುವರು.

ಕಳೆದುಹೋದ ಸ್ವತ್ತಿನ ವಿಧಿಯಂತೂ ಇಂದಿನ ‘ಸಿಕ್ಕಿದೆ’ ಎಂಬ ಪ್ರಕಟಣೆಗೆ ಮೂಲವೆನ್ನಬಹುದು. ಒಡೆಯನು ಯಾರೆಂದು ತಿಳಿಯದ ವಸ್ತು ಸಿಕ್ಕಿದರೆ ರಾಜನಿಗೆ ತಿಳಿಸಬೇಕು. ರಾಜನು ಅದನ್ನು ಸಾರಿಸಿ, ಒಂದು ವರ್ಷ ಕಾಪಾಡಬೇಕು ಎಂದು ಗೌತಮಧರ್ಮಸೂತ್ರದ ವಿಧಿ. ವರ್ಷ ಕಳೆದಮೇಲೆ ನಾಲ್ಕನೆಯ ಒಂದು ಪಾಲು ಕಂಡು ತಂದವನಿಗೆ, ಉಳಿದುದು ರಾಜನಿಗೆ. ಮನುವು ಮೂರು ವರ್ಷಗಳ ಅವಧಿಯನ್ನು ಹೇಳುತ್ತಾನೆ. ತಪ್ಪಿಸಿಕೊಂಡ ಪ್ರಾಣಿಯನ್ನು ಬಿಡಿಸಿಕೊಳ್ಳುವ ಒಡೆಯನು ಕೊಡಬೇಕಾದ ಕಾಪಿನ ಹಣವನ್ನೂ ಯಾಜ್ಞವಲ್ಕ್ಯನು ಗೊತ್ತುಮಾಡಿದ್ದಾನೆ. ಕುದುರೆ ಮೊದಲಾದ ಒಂದು ಗೊರಸಿನವುಗಳಿಗೆ ನಾಲ್ಕು ಪಣ. ಎಮ್ಮೆ, ಒಂಟೆ, ಹಸುಗಳಿಗೆ ಎರಡೆರಡು. ಆಡು ಕುರಿಗಳಿಗೆ ಕಾಲು ಪಣ. ಅದೇ ಪಟ್ಟಿಯಲ್ಲಿ ಮನುಷ್ಯನಿಗೆ ಐದು ಪಣವೆಂದೂ ಇರುವುದನ್ನು ಮರೆಮಾಚಲಾಗದು. ದಾಸರನ್ನು ದನಗಳ ಸಾಲಿನಲ್ಲಿ ಎಣಿಸಿದ ಕಾಲವದು.

೩

ಇನ್ನು ಶಿಲೆಯ ಮಾತು. ಸುಮಾರು ಕ್ರಿ.ಶ. ೪೫೦ರದೆಂದು ಬಹುಮಂದಿ ಎಣಿಸುವ ಹಲ್ಮಿಡಿಯ ಶಾಸನವನ್ನು ಕನ್ನಡ ಭಾಷೆಯ ಪ್ರಾಚೀನ ಮಾದರಿಯೆಂದು ಓದುತ್ತೇವೆ. ಅದರ ವಿಷಯವಾದರೋ ಕತ್ತಿಯ ಸೇವೆಗಾಗಿ ‘ಬಾಳ್ಗಳ್ಚು’ ಎಂಬ ಹೆಸರಿನಿಂದ ಕೊಟ್ಟ ಭೂಮಿಯ ಪ್ರಕಟಣೆ. ಅದನ್ನು ಕೆಡಿಸುವವನಿಗೆ ಪಾಪವೆಂಬ ಎಚ್ಚರಿಕೆ. ಆದುದರಿಂದ ನಮ್ಮ ಭಾಷೆಯ ಅತಿಪ್ರಾಚೀನ ದೀರ್ಘಲೇಖಗಳಲ್ಲೊಂದು, ರೂಪದಿಂದ ನೋಡಿದರೆ, ಒಂದು ಜಾಹೀರೇ ಆಗಿದೆ.

ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಭಾಷೆಯ ಹಂಚಿಕೆಯನ್ನು ಗಮನಿಸಬೇಕು. ದೇವತಾಸ್ತುತಿ, ವಂಶಪ್ರಶಂಸೆ, ಕೊನೆಯ ಶಾಪಶ್ಲೋಕ, ಇವು ಅನೇಕ ಕಡೆ ಸಂಸ್ಕೃತದಲ್ಲಿರುವುವು. ಗದ್ದೆ ಬೆದ್ದಲುಗಳ ಅಳತೆ, ತೆರಿಗೆಯ ವಿವರ, ಎಲ್ಲೆಯ ಗುರುತು ಇವುಗಳಿಗೆ ಬಂದೊಡನೆ ಲೇಖಕನು ಕನ್ನಡಕ್ಕೆ ಇಳಿಯುತ್ತಾನೆ. ಮೂಡಲಿಗೆ ಹುತ್ತ, ತೆಂಕಲಿಗೆ ಕೆರೆಯ ಕೋಡಿ, ಪಡುವಲಿಗೆ ನೆಟ್ಟ ಕಲ್ಲು, ಬಡಗಲಿಗೆ ಆಲದ ಮರ ಎಂಬ ಬಗೆಯಲ್ಲಿ ದಿಕ್ಕು ದಿಕ್ಕಿಗೂ ಗುರುತು ಹೇಳುವನು. ಪ್ರಶಂಸೆಯು ಪಂಡಿತರಿಗಾಗಿ, ಎಲ್ಲೆಯು ಒಕ್ಕಲಿಗರಿಗಾಗಿ. ಯಾರಿಗೆ ತಿಳಿಯಬೇಕೋ ಅವರ ಮಾತಿನಲ್ಲಿಯೇ ಪ್ರಕಟಣೆಯಿರಬೇಕೆಂಬ ನ್ಯಾಯವನ್ನು ಸಂಸ್ಕೃತಾಭಿಮಾನಿಗಳಾದ ಆ ಲೇಖಕರೂ ಮೀರಲಿಲ್ಲ. ಅಕ್ಷರ ಬಾರದವನಿಗೋ ಕಲ್ಲಿನ ತಲೆಯಮೇಲೆ ಸೂರ್ಯಚಂದ್ರರು, ಹಸುಕರು ಮೊದಲಾದ ಚಿತ್ರಗಳಿದ್ದುವು. ಅವನ್ನು ಕಂಡ ಮಾತ್ರದಿಂದಲೇ ಇದು ದತ್ತಿಯ ಕಲ್ಲೆಂದು ಅವನಿಗೆ ಗೊತ್ತಾಗುತ್ತಿತ್ತು. ತಾಮ್ರಪಟವು ಪಡೆದವನ ಮನೆಯ ಪೆಟ್ಟಿಗೆಯಲ್ಲಿ ಸೇರುವುದು. ಕಲ್ಲು ಊರಿನ ನಡುವೆ ನಿಲ್ಲುವುದು. ಪ್ರಕಾಶತೆಯ ದೃಷ್ಟಿಯಿಂದ ಇವೆರಡಕ್ಕೂ ಬಹಳ ಅಂತರ.

ವ್ಯಕ್ತಿವಿಷಯಕ ಪ್ರಕಟಣೆಗಳಿಗೆ ವೀರಗಲ್ಲುಗಳೇ ಉದಾಹರಣೆ. ತುರುಗೊಳ್ಳುವ ಶತ್ರುಗಳನ್ನು ಅಟ್ಟಿಕೊಂಡು ಹೋಗಿ, ದನಗಳನ್ನು ಮರಳಿಸಿ ಬಿದ್ದವರ ಕಲ್ಲುಗಳು ನಮ್ಮ ನಾಡಿನಲ್ಲಿ ಅಸಂಖ್ಯಾತವಾಗಿವೆ. ಇವನ್ನು ಕೇವಲ ಸ್ಮಾರಕವೆಂದೆಣಿಸುವುದು ಸಾಲದು. ಸತ್ತವನ ಮನೆಯವರಿಗೆ ‘ನೆತ್ತರುಗೊಡಗೆ’, ‘ಕಲ್ನಾಡು’ ಮುಂತಾದ ಹೆಸರುಗಳಿಂದ ಭೂಮಿ ಬಿಡಲಾದುದನ್ನು ಅನೇಕ ಕಲ್ಲುಗಳು ಹೇಳುತ್ತವೆ. ಅಂದಮೇಲೆ ಅದೇ ಕಲ್ಲು ಮರಣವಾರ್ತೆಯೂ ಅಹುದು, ವಿಧವೆಯ ಮತ್ತು ಮಕ್ಕಳ ಹಕ್ಕುಪತ್ರವೂ ಅಹುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ೯೪೯–೫೦ರ ಕಲ್ಲು ಒಂದು ನಾಯಿಯ ಮರಣವನ್ನು ಪ್ರಕಟಿಸುತ್ತದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನು ಬಹುಮಾನವಾಗಿ ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಟ್ಟು, ಅದರ ಪೂಜೆಗೆ ಕೆರೆಯ ಕೆಳಗಣ ಭೂಮಿಯನ್ನು ಬಿಡಲಾಯಿತು.

ಇದಕ್ಕಿಂತ ಕರುಣಾಜನಕವಾದುದು ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ೧೦೫೭ರ ಶಾಸನ. ಗಂಡನು ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದನೆಂಬ ಸುದ್ದಿಯನ್ನು ಕೇಳಿದ ದೇಕಬ್ಬೆಯು, ತಂದೆತಾಯಿಗಳು ತಡೆದರೂ ನಿಲ್ಲದೆ ಅಗ್ನಿಪ್ರವೇಶ ಮಾಡಿದ ಸಂಗತಿ ಅಲ್ಲಿದೆ. ಆ ಆಚಾರವನ್ನು ನಾವು ಕೊಂಡಾಡಬೇಕಾಗಿಲ್ಲ. ಆದರೆ ತಡೆದ ತಂದೆತಾಯಿಗಳ ಮಾತನ್ನೂ ಕಲ್ಲಿನಲ್ಲಿ ಉಳಿಸಿದ ಕವಿಯ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

೪

ಕಲ್ಲು ಸ್ಥಿರವಾದ ಪ್ರಕಟಣೆ. ಡಂಗುರವು ಆ ಕ್ಷಣದ್ದು. ಕಂದಾಯದ ಕಂತು, ಕೆರೆಯ ನೀರು ಬಿಡುವ ದಿನ, ಹಬ್ಬದ ಕಟ್ಟು, ಹರಾಜಿನ ಹೊತ್ತು ಇವೆಲ್ಲವೂ ತಮಟೆಯ ಪೆಟ್ಟಿನ ಹಿಂದೆಯೇ ಬರುತ್ತಿದ್ದುವು. ‘ಕೇಳ್ರಪ್ಪೋ ಕೇಳ್ರಿ’ ಎಂಬ ಕೂಗು ಹಳ್ಳಿಯಲ್ಲಿ ಹುಟ್ಟಿದವರಿಗೆ ಹೊಸದಲ್ಲ. ಸಾರುವ ಕೆಲಸವು ಗ್ರಾಮದ ಆಯಗಾರರಾದ ತಳವಾರ ತೋಟಿಗಳ ಪಾಲಿಗೆ ಬಂದಿತ್ತು. ಗೌಡನ ಆಜ್ಞೆಯನ್ನು ಊರಿನ ಎಲ್ಲ ಬೀದಿಗಳಿಗೂ ಮುಟ್ಟಿಸಿದ ಆ ಕಂಠವು ಅನೇಕ ವೇಳೆ ಅಸ್ಪೃಶ್ಯನೆನಿಸಿಕೊಂಡವನದು. ಅವನ ಧ್ವನಿ ಹೋದ ಕಡೆಗೆಲ್ಲ ಅವನು ಹೋಗುವಂತಿರಲಿಲ್ಲ. ವಂಶಪಾರಂಪರ್ಯವಾದ ಈ ಗ್ರಾಮಾಧಿಕಾರಗಳು ೧೯೬೧ರ ಶಾಸನದಂತೆ ೧೯೬೩ರಲ್ಲಿ ರದ್ದಾದುವು.

ಇಂಗ್ಲಿಷರ ಕಾನೂನು ಡಂಗುರವನ್ನು ತಳ್ಳಿಹಾಕಲಿಲ್ಲ, ತನ್ನೊಳಗೆ ಸೇರಿಸಿಕೊಂಡಿತು. ೧೮೭೧ರ ದನಗಳ ಅತಿಕ್ರಮಣದ ಕಾಯಿದೆಯಂತೆ, ಬೆಳೆ ಮೇಯ್ದು ದೊಡ್ಡಿಗೆ ಬಿದ್ದ ದನವನ್ನು ಏಳು ದಿನಗಳೊಳಗೆ ಯಾರೂ ಬಿಡಿಸಿಕೊಳ್ಳದಿದ್ದರೆ, ಪೊಲೀಸು ಅಧಿಕಾರಿಯು ದನಗಳ ಸಂಖ್ಯೆ, ಲಕ್ಷಣ, ಹಿಡಿದ ಸ್ಥಳ, ಕೂಡಿಹಾಕಿದ ಸ್ಥಳ ಇವನ್ನು ಬರೆದು ತನ್ನ ಕಚೇರಿಯಲ್ಲಿ ಕಾಣುವಂತೆ ಅಂಟಿಸಬೇಕು. ಹಿಡಿದ ಸ್ಥಳಕ್ಕೆ ಹತ್ತಿರದ ಊರಿನಲ್ಲಿಯೂ ಸಂತೆಯಲ್ಲಿಯೂ ಡಂಗುರ ಹೊಯ್ಸಬೇಕು. ಮತ್ತೆ ಏಳು ದಿನ ಕಳೆದರೆ ಹರಾಜು. ಗೌತಮನ ಒಂದು ವರ್ಷವು ಇಲ್ಲಿ ಎರಡು ವಾರಗಳಿಗೆ ಇಳಿಯಿತು. ಸಾರಿಸಿ ಕಾಯಬೇಕೆಂಬ ತತ್ತ್ವ ಮಾತ್ರ ಉಳಿಯಿತು. ೧೯೦೮ರ ಸಿವಿಲ್ ವ್ಯವಹಾರಸಂಹಿತೆಯೂ ಸ್ಥಿರಾಸ್ತಿಯ ಜಪ್ತಿಯನ್ನು ಆ ಸ್ವತ್ತಿನ ಬಳಿಯಲ್ಲಿ ಡಂಗುರದಿಂದಲೋ ರೂಢಿಯ ಇತರ ಕ್ರಮದಿಂದಲೋ ಸಾರಬೇಕೆಂದು ವಿಧಿಸಿತು.

೫

೧೮೪೩ನೆಯ ಜುಲೈ ತಿಂಗಳ ಮೊದಲನೆಯ ದಿನ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯೂ ಕಲ್ಲಿನಿಂದಲೇ ಹುಟ್ಟಿತೆಂಬುದು ಕೇವಲ ಆಕಸ್ಮಿಕವಾದರೂ ಅರ್ಥವತ್ತಾದ ಸಂಗತಿ. ಅಲ್ಲಿಂದೀಚೆಗೆ ಬೆಳೆದ ಪತ್ರಿಕೆಗಳಲ್ಲಿ ಭೂಮಿ, ಸ್ವತ್ತು, ಮರಣ ಎಂಬ ಹಳೆಯ ಮೂರು ವಿಷಯಗಳಿಗೆ ವಿವಾಹ, ಹೆಸರಿನ ಬದಲಾವಣೆ, ಬೀಜಗೊಬ್ಬರಗಳ ಮಾರಾಟ ಮೊದಲಾದುವು ಸೇರಿಕೊಂಡುವು. ೧೯೮೮ರಲ್ಲಿ ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ಯು ಹುಟ್ಟಿದಾಗ ಒಕ್ಕಲಿಗರು ತಾವೇ ಲೇಖಕರಾಗಿ ತಮ್ಮ ತೋಟದ ಅನುಭವವನ್ನು ಒಬ್ಬರಿಗೊಬ್ಬರು ತಿಳಿಸುವ ಕ್ರಮವೂ ಬಲಗೊಂಡಿತು.

ಹೊಲ ಕೊಳ್ಳುವವನ ಪರವಾಗಿ ವಕೀಲನು ಹೊರಡಿಸುವ ಜಾಹೀರನ್ನು ಮಿತಾಕ್ಷರೆಯ ಪಕ್ಕದಲ್ಲಿಟ್ಟು ನೋಡಬೇಕು. ಚಕ್ಕುಬಂದಿಯನ್ನು ನಾಲ್ಕು ದಿಕ್ಕಿಗೂ ಹೇಳುವುದು ಶಾಸನದ ಎಲ್ಲೆಯೇ. ಪಾಲುದಾರರೂ ಬಾಧ್ಯಸ್ಥರೂ ಇದ್ದರೆ ತಿಳಿಸಬೇಕೆನ್ನುವುದು ಜ್ಞಾತಿದಾಯಾದರ ಅನುಮತಿಯೇ. ಎಲ್ಲರಿಗೂ ತಿಳಿಯಲೆಂದು ಅಚ್ಚುಹಾಕಿಸುವುದು ಗ್ರಾಮಾನುಮತಿಯೇ. ಒಂದೇ ವ್ಯತ್ಯಾಸವುಂಟು, ಅದೇ ಮುಖ್ಯವಾದುದು. ಊರಿಗೆ ತಿಳಿಯುವುದರ ಬದಲು ಈಗ ತಿಳಿಯಿತೆಂದು ಭಾವಿಸಲಾಗುವುದು. ನೂರು ರೂಪಾಯಿಗೆ ಕಡಮೆಯಿಲ್ಲದ ಸ್ಥಿರಾಸ್ತಿಯ ಕ್ರಯವು ನೋಂದಣಿಯಾದ ಪತ್ರದಿಂದಲೇ ಆಗಬೇಕೆಂದು ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆ ಹೇಳಿತು. ನೋಂದಣಿಯಾದುದು ಮುಂದೆ ಆ ಸ್ವತ್ತನ್ನು ಪಡೆಯುವವರಿಗೆ ತಿಳಿದಂತೆಯೇ ಎಂದು ೧೯೨೯ರ ತಿದ್ದುಪಡಿ ಸೇರಿಸಿತು. ವಿಜ್ಞಾನೇಶ್ವರನು ಬೇರೆಬೇರೆಯಾಗಿಟ್ಟಿದ್ದ ಸಿದ್ಧಿ ಮತ್ತು ಪ್ರಕಾಶಗಳೆರಡೂ ಒಂದೇ ಕಾಗದದಲ್ಲಿ ಸೇರಿಹೋದುವು.

ಇದರಿಂದ ವ್ಯವಹಾರಕ್ಕೆ ಭದ್ರತೆ ಬಂದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಓದಲಾರದ ಪಾಲುದಾರಳು, ದೂರದ ಪೇಟೆಗೆ ಕೂಲಿಗೆ ಹೋದ ತಮ್ಮ, ಪತ್ರಿಕೆಯೇ ಬಾರದ ಹಳ್ಳಿಯ ಗೇಣಿದಾರ, ಇವರಿಗೆ ಏಳನೆಯ ಪುಟದ ಜಾಹೀರು ತಲಪುವುದೆಂತು? ಶಾಸನಕರ್ತರಿಗೂ ಈ ಶಂಕೆ ಬಾರದೆ ಇರಲಿಲ್ಲ. ೧೮೯೪ರ ಭೂಸ್ವಾಧೀನದ ಕಾಯಿದೆಯು ಗೆಜೆಟ್ಟಿನಲ್ಲಿಯೂ ಆ ಪ್ರದೇಶದ ತಕ್ಕ ಸ್ಥಳಗಳಲ್ಲಿಯೂ ಪ್ರಕಟಿಸಬೇಕೆಂದಿತ್ತು. ೧೯೮೪ರ ತಿದ್ದುಪಡಿಯು ಆ ಪ್ರದೇಶದಲ್ಲಿ ಪ್ರಚಾರದಲ್ಲಿರುವ ಎರಡು ದಿನಪತ್ರಿಕೆಗಳಲ್ಲಿ, ಒಂದಾದರೂ ದೇಶಭಾಷೆಯದಾಗಿರುವಂತೆ, ಅಚ್ಚುಹಾಕಿಸಬೇಕೆಂದು ಸೇರಿಸಿತು. ಅದರ ಸ್ಥಾನಕ್ಕೆ ಬಂದ ೨೦೧೩ರ ಕಾಯಿದೆಯು ಗ್ರಾಮಪಂಚಾಯತಿಯ ಕಚೇರಿಯಲ್ಲಿಯೂ ಸ್ಥಳೀಯ ಭಾಷೆಯಲ್ಲಿ ಪ್ರಕಟಣೆಯಾಗಬೇಕೆಂದು ವಿಧಿಸಿದೆ. ಎಲ್ಲೆಯನ್ನು ಕನ್ನಡದಲ್ಲಿಯೇ ಹೇಳಬೇಕೆಂದು ಹಳೆಯ ಶಾಸನಲೇಖಕನಿಗೆ ತೋರಿದ ನ್ಯಾಯಕ್ಕೇ ಕಾನೂನು ಬಹುಕಾಲದ ಮೇಲೆ ಬಂದು ಸೇರಿತು.

೬

ಇದುವರೆಗಿನ ವಿಚಾರದಿಂದ ಎರಡು ಅಂಶಗಳು ಸಿದ್ಧವಾಗುವುವು. ಪ್ರಕಟಣೆಯ ಉಪಕರಣಗಳು ಬದಲಾದರೂ ಅದರ ಪ್ರಯೋಜನವು ವಿಜ್ಞಾನೇಶ್ವರನು ಹೇಳಿದುದೇ ಆಗಿದೆ. ಅಂದರೆ ವಿವಾದವು ಹುಟ್ಟುವುದಕ್ಕೆ ಮುಂಚೆಯೇ ಅದಕ್ಕೆ ಅವಕಾಶವನ್ನು ಕಳೆಯುವುದು. ಎರಡನೆಯದು, ಕೇಳಬೇಕಾದವನಿಗೆ ಕೇಳಿಸದ ಪ್ರಕಟಣೆಯು ಕಾನೂನಿನಲ್ಲಿ ಸಾಧುವಾದರೂ ಶಾಸ್ತ್ರಕಾರನ ಅರ್ಥದಲ್ಲಿ ಪ್ರಕಾಶವೆನಿಸಲಾರದು.

ವಿದ್ವಾಂಸರಲ್ಲಿ ನಮ್ಮದೊಂದು ವಿಜ್ಞಾಪನೆ. ಪುಸ್ತಕಭಂಡಾರಗಳಲ್ಲಿ ಹಳೆಯ ಸಂಚಿಕೆಗಳನ್ನು ಕಟ್ಟುಹಾಕಿಸುವಾಗ ಹೊದಿಕೆಯನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತೆಸೆಯುವ ವಾಡಿಕೆಯುಂಟು. ಹೀಗೆ ಹೋದ ಹಾಳೆಯೊಡನೆ ಒಂದು ಕಾಲದ ಎತ್ತಿನ ಬೆಲೆ, ಊರಿನ ಹೆಸರಿನ ಹಳೆಯ ರೂಪ, ಹೊಲದ ಹೆಸರು, ಸಾಮಾನ್ಯ ಜನರು ತಮ್ಮನ್ನು ತಾವು ಹೆಸರಿಸಿಕೊಂಡ ಬಗೆ, ಇವೆಲ್ಲವೂ ಹೋಗುವುವು. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಗಾಗಿ ಹಳ್ಳಿಹಳ್ಳಿಯ ಕಲ್ಲುಗಳನ್ನು ಪ್ರತಿಮಾಡಿಸದಿದ್ದರೆ, ಆತಕೂರಿನ ನಾಯಿಯಾಗಲಿ ಬೆಳತೂರಿನ ದೇಕಬ್ಬೆಯಾಗಲಿ ನಮಗೆ ಇಂದು ಪರಿಚಿತರಾಗುತ್ತಿರಲಿಲ್ಲ. ಕಲ್ಲಾದರೂ ಮಳೆಗಾಳಿಗಳನ್ನು ಸಾವಿರ ವರ್ಷ ತಡೆಯುವುದು. ಪತ್ರಿಕೆಯ ಕಾಗದವು ನೂರು ವರ್ಷ ಉಳಿಯುವುದೇ ಕಷ್ಟ. ಆದುದರಿಂದ ಪ್ರತಿಯೊಂದು ಜಿಲ್ಲೆಯಲ್ಲಿಯೂ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಸಹಾಯದಿಂದ ಇಂಥ ಹಾಳೆಗಳನ್ನು ಕೂಡಿಸಿ, ಊರು, ವರ್ಷ, ವಿಷಯ ಇವುಗಳ ಅನುಕ್ರಮಣಿಕೆಯನ್ನು ಸಿದ್ಧಪಡಿಸುವುದು ಯುಕ್ತವೆಂದು ತೋರುತ್ತದೆ.