ಗೋಶಾಲೆಯಿಂದ ಪಾಕಶಾಲೆಗೆ: ಆಲ್ಪ್ಸ್‌ನ ಒಂದು ಬಾಡಿಗೆ ಮನೆಯ ಕಥೆ

ಚಳಿಗಾಲ ಹತ್ತಿರವಾದಂತೆ ಇಂಗ್ಲೆಂಡಿನ ಗೆಳೆಯರ ಗುಂಪುಗಳಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಹತ್ತು ಜನ ಸೇರಿ ಒಂದು ವಾರ ಆಲ್ಪ್ಸ್‌ಗೆ ಹೋಗಬೇಕು. ಹಗಲೆಲ್ಲ ಹಿಮದ ಇಳಿಜಾರಿನಲ್ಲಿ ಸ್ಕೀಯಿಂಗ್ ಮಾಡಬೇಕು. ಸಂಜೆ ಮರಳಿದಾಗ ಮನೆ ಬೆಚ್ಚಗಿರಬೇಕು, ಚಹಾದ ಜೊತೆಗೆ ಆಗಷ್ಟೇ ಬೇಯಿಸಿದ ಕೇಕ್ ಇರಬೇಕು. ರಾತ್ರಿ ಸೂಪಿನಿಂದ ಸಿಹಿಯವರೆಗೆ ಮೂರು ಸುತ್ತಿನ ಊಟ ಮೇಜಿಗೆ ಬರಬೇಕು. ಇಷ್ಟೆಲ್ಲ ಆದರೂ ಖರ್ಚು ಹೋಟೆಲಿಗಿಂತ ಕಡಿಮೆಯಿರಬೇಕು. ಈ ಆಸೆಗಳನ್ನೆಲ್ಲ ಒಂದೇ ಬೆಲೆಯಲ್ಲಿ ಕಟ್ಟಿಕೊಡುವ ವ್ಯವಸ್ಥೆಗೆ ‘ಕೇಟರ್ಡ್ ಶ್ಯಾಲೆ’ ಎಂದು ಹೆಸರು. ಅಂದರೆ ಅಡುಗೆಯವರ ಸಮೇತ ವಾರದ ಬಾಡಿಗೆಗೆ ಸಿಗುವ ಮರದ ಮನೆ.

ಇಂಥ ಮನೆಯನ್ನು ಆರಿಸುವವರು ಸಾಮಾನ್ಯವಾಗಿ ತಲೆಗೆ ಎಷ್ಟು ಬೀಳುತ್ತದೆ ಎಂದು ಕೇಳುತ್ತಾರೆ. ಇಷ್ಟು ಕಡಿಮೆ ಹೇಗೆ ಬೀಳುತ್ತದೆ ಎಂಬ ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ದನಗಾಹಿಗಳು, ಕ್ಷಯರೋಗಿಗಳು, ಪಾದ್ರಿಗಳು, ವಿದ್ಯಾರ್ಥಿನಿಯರು ಎಲ್ಲರೂ ಎದುರಾಗುತ್ತಾರೆ.

ಫ್ರೆಂಚರ ಬಾಯಲ್ಲಿ ಈ ಪದ ಹೆಚ್ಚುಕಡಿಮೆ ನಮ್ಮ ‘ಶಾಲೆ’ಯಂತೆಯೇ ಕೇಳಿಸುತ್ತದೆ. ಎರಡು ಪದಗಳಿಗೂ ನಂಟಿದೆ ಎಂದು ನಾನು ಹೇಳುತ್ತಿಲ್ಲ, ದನಿಯ ಹೋಲಿಕೆ ಅಷ್ಟೇ. ಆದರೆ ಶ್ಯಾಲೆ ನಿಜಕ್ಕೂ ಶುರುವಾದದ್ದು ಒಂದು ಬಗೆಯ ಗೋಶಾಲೆಯಾಗಿ. ಸ್ವಿಟ್ಜರ್ಲೆಂಡ್ ಮತ್ತು ಸವಾಯ್ ಸೀಮೆಯ ಹಳ್ಳಿಗರು ಬೇಸಿಗೆಯಲ್ಲಿ ದನಗಳನ್ನು ಎತ್ತರದ ಹುಲ್ಲುಗಾವಲುಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲಿ ಕಲ್ಲು ಮತ್ತು ಮರದ ಗುಡಿಸಲಿನಲ್ಲಿದ್ದುಕೊಂಡು ಹಾಲು ಕರೆದು ಚೀಸ್ ಮಾಡುತ್ತಿದ್ದರು. ಹಿಮ ಬೀಳುವ ಮುಂಚೆ ಆ ಗುಡಿಸಲಿನ ಬಾಗಿಲು ಹಾಕಿ ಕೆಳಗಿಳಿಯುತ್ತಿದ್ದರು. ಇಂದು ಚಳಿಗಾಲದಲ್ಲಿ ತುಂಬಿ ತುಳುಕುವ ಶ್ಯಾಲೆ ಆಗ ಚಳಿಗಾಲದಲ್ಲಿ ಖಾಲಿ ಬಿದ್ದಿರುತ್ತಿತ್ತು. ಚಳಿಗಾಲವೆಂದರೆ ಬಡತನದ ಕಾಲ. ಸವಾಯ್‌ನ ಎಷ್ಟೋ ಗಂಡಸರು, ಹುಡುಗರು ಆ ತಿಂಗಳುಗಳಲ್ಲಿ ಪ್ಯಾರಿಸ್ಸಿಗೆ ಹೋಗಿ ಹೊಗೆಗೂಡು ಗುಡಿಸಿ ಹೊಟ್ಟೆ ಹೊರೆಯುತ್ತಿದ್ದರು.

ದನಗಾಹಿಯ ಈ ಗುಡಿಸಲನ್ನು ಪೇಟೆಯವರ ಕನಸಿನ ಮನೆಯಾಗಿಸಿದ್ದರಲ್ಲಿ ಸಾಹಿತ್ಯದ ಪಾಲು ದೊಡ್ಡದು. 1761ರಲ್ಲಿ ಬಂದ ರೂಸೋನ ‘ಜೂಲಿ’ ಕಾದಂಬರಿ ಆಲ್ಪ್ಸ್‌ನ ಸರಳ ಬದುಕನ್ನೂ ‘ಶ್ಯಾಲೆ’ ಎಂಬ ಪದವನ್ನೂ ಯುರೋಪಿನ ಓದುಗರಿಗೆ ಪರಿಚಯಿಸಿತು. ಮುಂದಿನ ಶತಮಾನದಲ್ಲಿ ಶ್ಯಾಲೆ ಮಾದರಿಯ ಮನೆ ಶ್ರೀಮಂತರ ತೋಟಗಳಿಗೂ ಬಂತು. ಚಾರ್ಲ್ಸ್ ಡಿಕನ್ಸ್‌ಗೆ ನಟ ಚಾರ್ಲ್ಸ್ ಫೆಕ್ಟರ್ ಒಂದು ಇಡೀ ಸ್ವಿಸ್ ಶ್ಯಾಲೆಯನ್ನೇ ಉಡುಗೊರೆ ಕೊಟ್ಟ. ಬಿಡಿಭಾಗಗಳಾಗಿ 58 ಪೆಟ್ಟಿಗೆಗಳಲ್ಲಿ ಬಂದ ಅದನ್ನು ಡಿಕನ್ಸ್ ತನ್ನ ಕೆಂಟ್ ಸೀಮೆಯ ಮನೆಯ ಬಳಿ ಜೋಡಿಸಿಕೊಂಡ. 1870ರ ಜೂನ್‌ನಲ್ಲಿ, ಸಾವಿನ ಹಿಂದಿನ ದಿನ, ಅವನು ಬರೆಯುತ್ತ ಕುಳಿತಿದ್ದು ಅದರಲ್ಲೇ.

ಚಳಿಗಾಲದಲ್ಲಿ ಆಲ್ಪ್ಸ್‌ಗೆ ಹೋಗಬಹುದು ಎಂಬ ಯೋಚನೆಯೇ ತಡವಾಗಿ ಹುಟ್ಟಿತು. 1863ರಲ್ಲಿ ಥಾಮಸ್ ಕುಕ್ ತನ್ನ ಮೊದಲ ಗುಂಪನ್ನು ಸ್ವಿಟ್ಜರ್ಲೆಂಡ್ ಸುತ್ತಿಸಿದ್ದು ಬೇಸಿಗೆಯಲ್ಲಿ. ಆಮೇಲೆ ಸೇಂಟ್ ಮೊರಿಟ್ಜ್‌ನ ಹೋಟೆಲ್ ಮಾಲೀಕ ಯೋಹಾನೆಸ್ ಬಾದ್ರುಟ್ ತನ್ನ ಇಂಗ್ಲಿಷ್ ಅತಿಥಿಗಳೊಂದಿಗೆ ಒಂದು ಪಂಥ ಕಟ್ಟಿದನಂತೆ. ಚಳಿಗಾಲದಲ್ಲಿ ಬನ್ನಿ, ಬಿಸಿಲು ಹಿತವಾಗಿಲ್ಲದಿದ್ದರೆ ಖರ್ಚು ನನ್ನದು ಎಂದನಂತೆ. ಅವರು ಬಂದರು, ಮೈಬಣ್ಣ ಕಂದಿಸಿಕೊಂಡು ವಸಂತದವರೆಗೆ ಉಳಿದರು ಎಂದು ಆ ಊರು ಇಂದಿಗೂ ಕಥೆ ಹೇಳುತ್ತದೆ. ದಾವೋಸ್‌ಗೆ ಬಂದವರಲ್ಲಿ ಹೆಚ್ಚಿನವರು ಕ್ಷಯರೋಗಿಗಳು. ಎದೆಯ ಕಾಯಿಲೆಯಿಂದ ಬಳಲುತ್ತಿದ್ದ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ 1881–82ರ ಚಳಿಗಾಲದಲ್ಲಿ ಸಂಸಾರ ಸಮೇತ ಅಲ್ಲೊಂದು ಶ್ಯಾಲೆಯನ್ನು ಬಾಡಿಗೆಗೆ ಹಿಡಿದಿದ್ದ. ‘ಟ್ರೆಷರ್ ಐಲ್ಯಾಂಡ್’ ಕಾದಂಬರಿಯನ್ನು ಅಲ್ಲಿಯೇ ಮುಗಿಸಿದ. ಹೆಂಡತಿಯ ಕ್ಷಯದ ಕಾರಣಕ್ಕೆ ಅದೇ ಊರಿನಲ್ಲಿ ನೆಲೆಸಿದ್ದ ಆರ್ಥರ್ ಕಾನನ್ ಡಾಯ್ಲ್ 1894ರಲ್ಲಿ ಸ್ಕೀ ಕಟ್ಟಿಕೊಂಡು ಕಣಿವೆ ದಾಟಿ ಅರೋಸಾ ತಲುಪಿದ. ಮುಂದೊಂದು ದಿನ ಇಂಗ್ಲೆಂಡಿನಿಂದ ನೂರಾರು ಜನ ಇದಕ್ಕಾಗಿಯೇ ಬರುತ್ತಾರೆ ಎಂದು ಪತ್ರಿಕೆಯಲ್ಲಿ ಬರೆದ. ನೂರಾರು ಎಂಬ ಅವನ ಅಂದಾಜು ತೀರ ಸಣ್ಣದಾಯಿತು.

ಆ ಜನರನ್ನು ಕರೆತಂದವರಲ್ಲಿ ಮುಖ್ಯನಾದ ಹೆನ್ರಿ ಲನ್‌ನ ಕಥೆ ನಮ್ಮ ನೆಲವನ್ನೂ ತಾಗಿ ಹೋಗುತ್ತದೆ. ಮೆಥಡಿಸ್ಟ್ ಪಾದ್ರಿಯೂ ವೈದ್ಯನೂ ಆಗಿದ್ದ ಲನ್ 1887ರಲ್ಲಿ ಮಿಷನರಿಯಾಗಿ ಮದ್ರಾಸ್ ಪ್ರಾಂತ್ಯಕ್ಕೆ ಬಂದ. ಮರುವರ್ಷ ಮಗ ಆರ್ನಲ್ಡ್ ಮದ್ರಾಸಿನಲ್ಲಿ ಹುಟ್ಟಿದ. ಆರೋಗ್ಯ ಕೆಟ್ಟು ಬೇಗನೆ ಊರಿಗೆ ಮರಳಿದ ಲನ್, ಇಲ್ಲಿನ ಮಿಷನರಿಗಳು ದೊರೆಗಳಂತೆ ಸುಖವಾಗಿ ಬದುಕುತ್ತ ಸಾಮಾನ್ಯ ಜನರಿಂದ ದೂರವಾಗಿದ್ದಾರೆ ಎಂದು ಬರೆದು ದೊಡ್ಡ ವಿವಾದವನ್ನು ಮೈಮೇಲೆ ಎಳೆದುಕೊಂಡ. 1892ರಲ್ಲಿ ಬೇರೆ ಬೇರೆ ಚರ್ಚುಗಳನ್ನು ಒಂದುಗೂಡಿಸುವ ಮಾತುಕತೆಗೆಂದು ಗ್ರಿಂಡೆಲ್‌ವಾಲ್ಡ್‌ನಲ್ಲಿ ಸಭೆ ಏರ್ಪಡಿಸಿದ. ಚರ್ಚುಗಳು ಒಂದಾಗಲಿಲ್ಲ. ಆದರೆ ಜನರನ್ನು ಗುಂಪಾಗಿ ಕರೆದೊಯ್ದರೆ ರೈಲೂ ಹೋಟೆಲೂ ಅಗ್ಗವಾಗುತ್ತವೆ ಎಂಬ ಸತ್ಯ ಅವನಿಗೆ ಗೊತ್ತಾಯಿತು. ಪಾದ್ರಿ ಪ್ರವಾಸದ ವ್ಯಾಪಾರಿಯಾದ. ಮುಂದೆ ಕ್ಲಬ್ಬಿನ ಹೆಸರಿನಲ್ಲಿ ಇಡೀ ಹೋಟೆಲುಗಳನ್ನೇ ಹಿಡಿದು ಇಂಗ್ಲೆಂಡಿನ ಮೇಲ್ವರ್ಗದವರನ್ನು ಚಳಿಗಾಲದಲ್ಲಿ ಮ್ಯೂರೆನ್‌ನಂಥ ಊರುಗಳಿಗೆ ಕರೆದೊಯ್ದ. ಮದ್ರಾಸಿನಲ್ಲಿ ಹುಟ್ಟಿದ ಆ ಮಗ 1922ರಲ್ಲಿ ಮ್ಯೂರೆನ್‌ನಲ್ಲಿ ಇಂದಿನ ಸ್ಲಾಲಮ್ ಸ್ಪರ್ಧೆಗೆ ರೂಪ ಕೊಟ್ಟ. ಮದ್ರಾಸಿನಲ್ಲಿ ಸುಖದ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳಿದ್ದ ತಂದೆ ಆಲ್ಪ್ಸ್‌ನಲ್ಲಿ ಸುಖವನ್ನೇ ಮಾರಿದ.

ಲನ್‌ನ ಗ್ರಾಹಕರು ಉಳ್ಳವರು. ಕಡಿಮೆ ದುಡ್ಡಿನವರಿಗೆ ಬಾಗಿಲು ತೆರೆದವಳು ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದುತ್ತಿದ್ದ ಎರ್ನಾ ಲೋ. ತಾಯಿಯನ್ನು ನೋಡಲು ಊರಿಗೆ ಹೋಗಬೇಕು, ಕೈಯಲ್ಲಿ ರೈಲಿನ ದುಡ್ಡಿಲ್ಲ. 1932ರಲ್ಲಿ ಅವಳು ಪತ್ರಿಕೆಯೊಂದಕ್ಕೆ ಸಣ್ಣ ಜಾಹೀರಾತು ಕೊಟ್ಟಳು. ಎರಡು ವಾರ ಆಸ್ಟ್ರಿಯಾ, ಪ್ರಯಾಣ ಮತ್ತು ವಸತಿ ಸೇರಿ 15 ಪೌಂಡ್. ಜನ ಸೇರಿದರು, ಅವಳ ಖರ್ಚೂ ಹುಟ್ಟಿತು. ನಮ್ಮಲ್ಲಿ ಯಾತ್ರೆಗೆ ವಂತಿಗೆ ಎತ್ತಿ ಬಸ್ಸು ಮಾಡಿಸುವವರು ತಮ್ಮೊಂದು ಸೀಟನ್ನು ಉಳಿಸಿಕೊಳ್ಳುತ್ತಾರಲ್ಲ, ಹಾಗೆ. ಮುಂದೆ ಅವಳ ಹೆಸರಿನ ಪ್ರವಾಸ ಸಂಸ್ಥೆಯೇ ಬೆಳೆಯಿತು.

ಎರಡನೆಯ ಮಹಾಯುದ್ಧದ ನಂತರ ಇದಕ್ಕೆ ಮನೆ ಸೇರಿಕೊಂಡಿತು. ಫ್ರಾನ್ಸಿನ ಮೆರಿಬೆಲ್ ಕಣಿವೆಯಲ್ಲಿ 1938ರಲ್ಲೇ ಪೀಟರ್ ಲಿಂಡ್ಸೆ ಎಂಬ ಬ್ರಿಟಿಷ್ ಸ್ಕೀಪ್ರೇಮಿ ಹೊಸ ಊರೊಂದಕ್ಕೆ ಬುನಾದಿ ಹಾಕಿದ್ದ. ಆಸ್ಟ್ರಿಯಾ ಹಿಟ್ಲರನ ಕೈಸೇರಿದ ಮೇಲೆ ಅವನು ಬೇರೆ ಜಾಗ ಹುಡುಕುತ್ತಿದ್ದ. ಅಲ್ಲಿನ ಕಟ್ಟಡಗಳೆಲ್ಲ ಕಲ್ಲು, ಮರ, ಇಳಿಜಾರು ಮಾಡಿನ ಶ್ಯಾಲೆಗಳಂತೆಯೇ ಇರಬೇಕೆಂಬ ನಿಯಮ ನಿಂತಿತು. ಪಕ್ಕದ ಕೂರ್ಶೆವೆಲ್ 1946ರಿಂದ ಬೆಳೆಯತೊಡಗಿತು. 1960ರ ದಶಕದ ಹೊತ್ತಿಗೆ ಕಾಲಿನ್ ಮುರಿಸನ್ ಸ್ಮಾಲ್‌ನಂಥವರು ಶ್ಯಾಲೆಗಳನ್ನು ಬಾಡಿಗೆಗೆ ಹಿಡಿದು, ಇಂಗ್ಲೆಂಡಿನ ಎಳೆಯ ಹುಡುಗಿಯರನ್ನು ಅಡುಗೆಗೆ ಇಟ್ಟು, ಪರಸ್ಪರ ಗುರುತಿಲ್ಲದವರನ್ನೂ ಒಂದೇ ಮೇಜಿಗೆ ಕೂರಿಸಿ ‘ಶ್ಯಾಲೆ ಪಾರ್ಟಿ’ ಎಂಬ ಹೊಸ ರೂಢಿ ತಂದರು. 1966ರಿಂದ ಕೆಲವು ವರ್ಷ ಬ್ರಿಟಿಷರು ವಿದೇಶ ಪ್ರವಾಸಕ್ಕೆ ತಲೆಗೆ 50 ಪೌಂಡಿಗಿಂತ ಹೆಚ್ಚು ಒಯ್ಯುವಂತಿರಲಿಲ್ಲ. ಅಂಥ ಕಾಲದಲ್ಲಿ ಎಲ್ಲವನ್ನೂ ಹೊರಡುವ ಮುಂಚೆಯೇ ಲೆಕ್ಕ ಹಾಕಿಕೊಳ್ಳಬಹುದಾದ ಪ್ರವಾಸಕ್ಕೆ ಆಕರ್ಷಣೆ ಇದ್ದದ್ದು ಸಹಜ.

ಈ ಮನೆಗಳು ಹೋಟೆಲಿಗಿಂತ ಅಗ್ಗವಾದದ್ದಕ್ಕೆ ಮೂರು ಕಾರಣ ಕಾಣುತ್ತವೆ. ಒಂದೇ ಮಾಡನ್ನು ಹತ್ತು ಜನ ಹಂಚಿಕೊಂಡರು. ಎಲ್ಲರಿಗೂ ಒಂದೇ ಅಡುಗೆ, ಒಂದೇ ಹೊತ್ತಿಗೆ ಊಟ. ಮೂರನೆಯದು ಆ ಅಡುಗೆಯ ಹುಡುಗಿ. ಅವಳಿಗೆ ಸಿಗುತ್ತಿದ್ದದ್ದು ಕೈಖರ್ಚಿನಷ್ಟು ಸಂಬಳ, ಮಲಗಲು ಇಕ್ಕಟ್ಟಾದ ಒಂದು ಜಾಗ, ಊಟ, ಮತ್ತು ಸ್ಕೀ ಲಿಫ್ಟಿನ ಪಾಸು. ಅವಳು ಬೆಳಗ್ಗೆ ತಿಂಡಿ ಮಾಡಿ, ಕೋಣೆ ಗುಡಿಸಿ, ಕೇಕ್ ಒಲೆಗಿಟ್ಟು, ನಡುವೆ ಸಿಕ್ಕ ಕೆಲವು ಗಂಟೆ ಸ್ಕೀ ಮಾಡಿ, ಸಂಜೆ ಮತ್ತೆ ಅಡುಗೆಮನೆ ಸೇರುತ್ತಿದ್ದಳು. ಇಂಥ ಹುಡುಗಿಯರಲ್ಲಿ ಹಲವರು ಅತಿಥಿಗಳಂಥದೇ ಅನುಕೂಲಸ್ಥ ಮನೆಗಳವರು. ಹಾಗಾಗಿ ಅವಳ ದುಡಿಮೆ ದುಡಿಮೆಯಾಗಿ ಕಾಣಲಿಲ್ಲ, ಮನೆಮಗಳ ಉಪಚಾರದಂತೆ ಕಂಡಿತು. ಮನೆಮಗಳ ದುಡಿಮೆಗೆ ಲೆಕ್ಕ ಬರೆಯದಿರುವುದು ನಮಗೂ ಹೊಸತಲ್ಲ.

ಆ ಲೆಕ್ಕ ಬಯಲಿಗೆ ಬಂದದ್ದು ಈಚೆಗೆ. ಬ್ರಿಟನ್ ಯುರೋಪಿನ ಒಕ್ಕೂಟದಲ್ಲಿದ್ದಷ್ಟು ಕಾಲ ಕಂಪನಿಗಳು ಬ್ರಿಟಿಷ್ ಕರಾರಿನ ಮೇಲೆ ಹುಡುಗ ಹುಡುಗಿಯರನ್ನು ಒಂದು ಋತುವಿಗೆ ಆಲ್ಪ್ಸ್‌ಗೆ ಕಳಿಸಬಹುದಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಸ್ಕೀ ಊರುಗಳ ಬಾಗಿಲು ಹಾಕಿಸಿತು. ಅವು ಮತ್ತೆ ತೆರೆಯುವ ಹೊತ್ತಿಗೆ ಬ್ರೆಕ್ಸಿಟ್ ಪೂರ್ತಿಯಾಗಿತ್ತು. 2021ರ ಜನವರಿಯಿಂದ ಬ್ರಿಟಿಷ್ ಪಾಸ್‌ಪೋರ್ಟಿನವರು 180 ದಿನಗಳಲ್ಲಿ 90 ದಿನ ಪ್ರವಾಸಿಗಳಾಗಿ ಇರಬಹುದು, ಕೆಲಸ ಮಾಡಬೇಕಾದರೆ ಪರವಾನಗಿ ಬೇಕು. ಸ್ಥಳೀಯ ಕರಾರಿನ ಮೇಲೆ ಕೆಲಸಕ್ಕೆ ಇಟ್ಟುಕೊಂಡರೆ ಫ್ರಾನ್ಸಿನಲ್ಲಿ ಕನಿಷ್ಠ ಕೂಲಿ, ವಾರಕ್ಕೆ 35 ಗಂಟೆಯ ಲೆಕ್ಕ, ಸಾಮಾಜಿಕ ಭದ್ರತೆಯ ಕಂತು ಎಲ್ಲವೂ ಬರುತ್ತವೆ. ಎಷ್ಟೋ ಕಂಪನಿಗಳು ಸಣ್ಣ ಶ್ಯಾಲೆಗಳನ್ನು ಕೈಬಿಟ್ಟವು. ಕೆಲವು ದೊಡ್ಡ ಶ್ಯಾಲೆ ಹೋಟೆಲುಗಳತ್ತ ಹೊರಳಿದವು, ಕೆಲವು ಅಡುಗೆಯವರಿಲ್ಲದ ಬರೀ ಮನೆಯನ್ನು ಕೊಡತೊಡಗಿದವು. ಉಳಿದ ಕಡೆ ಬೆಲೆ ಏರಿತು. ಹಳೆಯ ಗಿರಾಕಿಗಳು ದುಬಾರಿಯಾಯಿತು ಎಂದರು. ನನಗನ್ನಿಸುವುದು, ಮೊದಲು ಹುಡುಗಿಯ ಲೆಕ್ಕದಲ್ಲಿ ಮುಚ್ಚಿಹೋಗಿದ್ದ ಖರ್ಚು ಈಗ ಅತಿಥಿಯ ಚೀಟಿಯಲ್ಲಿ ಕಾಣಿಸಿಕೊಂಡಿತು.

ಈ ಚರಿತ್ರೆ ತಿಳಿದವರು ಇಂದು ಗುಂಪಿಗೊಂದು ಶ್ಯಾಲೆ ಆರಿಸುವುದು ಹೇಗೆ? ಮೊದಲು ಹಾಸಿಗೆಗಳನ್ನು ಎಣಿಸಬೇಕು. ಇಡೀ ಮನೆಗೆ ವಾರಕ್ಕೆ 8,000 ಪೌಂಡ್ ಎಂದಿಟ್ಟುಕೊಳ್ಳೋಣ. ಹತ್ತು ಜನ ಹೋದರೆ ತಲೆಗೆ 800. ಕೊನೆಯ ಗಳಿಗೆಯಲ್ಲಿ ಇಬ್ಬರು ಕೈಕೊಟ್ಟರೆ ಉಳಿದವರಿಗೆ 1,000. ಗುಂಪಿನ ಅಗ್ಗ ನಿಂತಿರುವುದೇ ಮಾತು ಉಳಿಸಿಕೊಳ್ಳುವುದರ ಮೇಲೆ. ಆದ್ದರಿಂದ ಮುಂಗಡವನ್ನು ಮೊದಲೇ ಎತ್ತುವುದು ಒಳ್ಳೆಯದು. ಗುಂಪು ಚಿಕ್ಕದಾದರೆ, ಕೋಣೆಗಳನ್ನು ಬಿಡಿಯಾಗಿ ಕೊಡುವ ಮನೆಯನ್ನು ಹುಡುಕಿ ಅಪರಿಚಿತರ ಜೊತೆ ಊಟಕ್ಕೆ ಕೂರಬಹುದು. ಶ್ಯಾಲೆ ಪಾರ್ಟಿಯ ಹಳೆಯ ರೂಢಿಯೇ ಅದು.

ಆಮೇಲೆ ಬೆಲೆಯೊಳಗೆ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಓದಬೇಕು. ತಿಂಡಿ, ಕೇಕ್, ಊಟ, ಊಟದ ಜೊತೆಗಿನ ವೈನ್ ಸಾಮಾನ್ಯವಾಗಿ ಸೇರಿರುತ್ತವೆ. ಲಿಫ್ಟ್ ಪಾಸು, ಸ್ಕೀ ಬಾಡಿಗೆ, ಕಲಿಸುವವರ ಶುಲ್ಕ ಹೆಚ್ಚಾಗಿ ಹೊರಗೆ. ವಿಮಾನ ನಿಲ್ದಾಣದಿಂದ ಬೆಟ್ಟ ಹತ್ತುವ ವಾಹನ ಕೆಲವೊಮ್ಮೆ ಒಳಗೆ, ಕೆಲವೊಮ್ಮೆ ಹೊರಗೆ. ಮೆರಿಬೆಲ್ ಇರುವ ‘ಮೂರು ಕಣಿವೆ’ಗಳಲ್ಲಿ ಸುಮಾರು 600 ಕಿಲೋಮೀಟರ್ ಸ್ಕೀ ದಾರಿಗಳಿವೆ. ಮೊದಲ ಸಲ ಸ್ಕೀ ಕಟ್ಟುವವರಿಗೆ ಅಷ್ಟಕ್ಕೂ ಪಾಸು ಕೊಳ್ಳುವುದು ದಂಡ, ಒಂದೇ ಕಣಿವೆಯ ಪಾಸು ಸಾಕು. ಫೆಬ್ರುವರಿಯಲ್ಲಿ ಬ್ರಿಟನ್ನಿನ, ಫ್ರಾನ್ಸಿನ ಶಾಲೆಗಳಿಗೆ ರಜೆಯಿರುವುದರಿಂದ ಬೆಲೆಯೂ ನೂಕುನುಗ್ಗಲೂ ಹೆಚ್ಚು. ಮಕ್ಕಳಿಲ್ಲದ ಗುಂಪಿಗೆ ಹೊಸ ವರ್ಷದ ಸಂಭ್ರಮ ಇಳಿದ ಮೇಲಿನ ಜನವರಿ ಲೇಸು. ತಗ್ಗಿನ ಊರು ಅಗ್ಗ, ಆದರೆ ಹಿಮ ನಂಬುವಂತಿಲ್ಲ. ವಾಲ್ ತೊರಾನ್ಸ್‌ನಂತೆ 2,300 ಮೀಟರ್ ಎತ್ತರದ ಊರಿನಲ್ಲಿ ಆ ಚಿಂತೆ ಕಡಿಮೆ. ಲಿಫ್ಟಿನಿಂದ ದೂರದ ಮನೆಯ ಬಾಡಿಗೆ ಕಡಿಮೆಯಾದರೂ, ಬಿಗಿಯಾದ ಸ್ಕೀ ಬೂಟು ಹಾಕಿ, ಹೆಗಲ ಮೇಲೆ ಸ್ಕೀ ಹೊತ್ತು ದಿನವೂ ನಡೆಯುವಾಗ ಆ ಉಳಿತಾಯ ಕಾಲಿಗೆ ತಿಳಿಯುತ್ತದೆ.

ಲಂಡನ್ನಿನಲ್ಲೋ ಜ್ಯೂರಿಕ್‌ನಲ್ಲೋ ಕೆಲಸದಲ್ಲಿರುವ ನಮ್ಮ ಕಡೆಯ ಹುಡುಗರು ಹೀಗೆ ಹೊರಟರೆ ಅವರ ಮೊದಲ ಪ್ರಶ್ನೆ ಬಹುಶಃ ಊಟದ್ದು. ಎಲ್ಲರಿಗೂ ಒಂದೇ ಅಡುಗೆ ಎಂಬುದೇ ಅಗ್ಗದ ಗುಟ್ಟಾದ್ದರಿಂದ, ಮಾಂಸ ತಿನ್ನದವರು ಎಷ್ಟು ಮಂದಿ, ಮೊಟ್ಟೆ ನಡೆಯುತ್ತದೆಯೇ ಎಂಬುದನ್ನು ಹಣ ಕಟ್ಟುವ ಮುಂಚೆಯೇ ಹೇಳಿಬಿಡಬೇಕು. ನಮ್ಮ ಕಡೆಯ ಸೊಪ್ಪು, ಬೇಳೆ ಹತ್ತಿರದ ಅಂಗಡಿಯಲ್ಲಿ ಸಿಗದೆ ಹೋಗಬಹುದು.

ಇದೇ ಸಾಲಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಬಹುದು. ಅಡುಗೆ ಮಾಡುವವರು ಯಾರ ಕರಾರಿನ ಮೇಲಿದ್ದಾರೆ, ಎಲ್ಲಿ ಮಲಗುತ್ತಾರೆ? ಇದು ಬರೀ ಧರ್ಮದ ಮಾತಲ್ಲ. ವಾರಕ್ಕೆ ಆರು ದಿನ, ಹತ್ತು ಜನರಿಗೆ ಎರಡು ಹೊತ್ತು ಬೇಯಿಸುವವರು ದಣಿದಿದ್ದರೆ ಅದು ತಟ್ಟೆಯಲ್ಲಿಯೇ ಕಾಣುತ್ತದೆ. ಕೇಟರ್ಡ್ ಶ್ಯಾಲೆಗಳಲ್ಲಿ ವಾರಕ್ಕೊಂದು ದಿನ ಅಡುಗೆಯವರಿಗೆ ಬಿಡುವು. ಆ ರಾತ್ರಿ ಅತಿಥಿಗಳು ಊರೊಳಗೆ ಇಳಿದು ಸ್ವಂತ ಖರ್ಚಿನಲ್ಲಿ ಉಣ್ಣಬೇಕು. ಬಿಲ್ಲು ಬಂದಾಗ ತಲೆಗೆ ಎಷ್ಟೆಂದು ಹಂಚಿಕೊಂಡು ನೋಡಲಿ. ಉಳಿದ ಆರು ರಾತ್ರಿಯ ಊಟದ ಬೆಲೆ ಅವರಿಗೆ ಆಗ ತಾನಾಗಿ ತಿಳಿಯುತ್ತದೆ.