ಚೌಕಟ್ಟಿನ ಹೊರಗೆ ಉಳಿದದ್ದು

1792ರ ಫೆಬ್ರವರಿ 26ರಂದು ಶ್ರೀರಂಗಪಟ್ಟಣದ ಬಳಿಯ ಶಿಬಿರದಲ್ಲಿ ಟಿಪ್ಪು ಸುಲ್ತಾನರ ಎಳೆಯ ಪುತ್ರರಾದ ಅಬ್ದುಲ್ ಖಾಲಿಕ್ ಮತ್ತು ಮುಈಝುದ್ದೀನ್‌ರನ್ನು ಲಾರ್ಡ್ ಕಾರ್ನ್‌ವಾಲಿಸನಿಗೆ ಒತ್ತೆಯಾಳುಗಳಾಗಿ ಒಪ್ಪಿಸಲಾಯಿತು. ಕಂಪೆನಿಯ ಸೈನ್ಯದೊಡನಿದ್ದ ಕಲಾವಿದ ರಾಬರ್ಟ್ ಹೋಮ್ ಆ ದೃಶ್ಯವನ್ನು ಚಿತ್ರಿಸಿದನು. ಭಾರತವನ್ನೇ ಕಾಣದ ಮೇಥರ್ ಬ್ರೌನ್ ಲಂಡನ್ನಿನಲ್ಲಿದ್ದುಕೊಂಡೇ ಅದನ್ನು ಚಿತ್ರಿಸಿದನು.

ಈ ಚಿತ್ರಗಳಲ್ಲಿ ಕಾರ್ನ್‌ವಾಲಿಸನು ಮಕ್ಕಳನ್ನು ಆದರದಿಂದ ಬರಮಾಡಿಕೊಳ್ಳುವ ಪಿತೃಸದೃಶ ವ್ಯಕ್ತಿ. ನೋಡುವವರ ಕನಿಕರ ಮಕ್ಕಳಿಗೆ ಸಲ್ಲುತ್ತದೆ. ಕರುಣಾಳುವೆಂಬ ಕೀರ್ತಿ ಮಾತ್ರ ಅವರನ್ನು ತಂದೆಯಿಂದ ಅಗಲಿಸಿದವನಿಗೆ ಸಲ್ಲುತ್ತದೆ. ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕಸಿದ ಒಪ್ಪಂದವು ಚೌಕಟ್ಟಿನ ಹೊರಗೇ ಉಳಿಯಿತು. ಮಕ್ಕಳು ಮರಳಿದ್ದು 1794ರಲ್ಲಿ.

ಅರಸರ ಮಕ್ಕಳಿಗೆ ಚಿತ್ರಕಾರರಾದರೂ ಸಿಕ್ಕರು, ಬಡವರಿಗೆ ಯಾರು? ನಮ್ಮ ಬಾಡಗಂಡಿಯ ಸೀಮೆಗೆ ದೂರವಲ್ಲದ ಹಲಗಲಿಯಲ್ಲಿ 1857ರಲ್ಲಿ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಊರು ಸುಡಲ್ಪಟ್ಟಿತು, ಹಲವರು ಗಲ್ಲಿಗೇರಿದರು. ಅವರ ನೋವನ್ನು ನಮ್ಮವರೆಗೆ ತಲುಪಿಸಿದ್ದು ಚಿತ್ರವಲ್ಲ, ಜನರು ಹಾಡಿದ ಲಾವಣಿ. ಅದು ಕಣ್ಣೀರಿನೊಡನೆ ಕಾರಣವನ್ನೂ ಹೇಳಿತು.

ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಇಂದು ನಮ್ಮ ಮೊಬೈಲಿಗೆ ಬರುವ ಯುದ್ಧದ ಚಿತ್ರಗಳಿಗೂ ಅದು ಅನ್ವಯಿಸುತ್ತದೆ. ಮರುಗುವುದು ಒಳ್ಳೆಯದೇ. ಆದರೆ ಚಿತ್ರ ತೆಗೆದವರಾರು, ಬಿಟ್ಟದ್ದೇನು ಎಂದು ಕೇಳದ ಮರುಕವು ಮರ್ದಿತನಿಗೆ ನ್ಯಾಯ ಒದಗಿಸಲಾರದು.